ಆರೋಗ್ಯದ ತಿನಿಸು, ಲಾಭದ ಲೆಕ್ಕ

೧

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬ ಗಾದೆಯನ್ನು ನಮ್ಮಲ್ಲಿ ಅರಿಯದವರಿಲ್ಲ. ಹಿರಿಯರು ಊಟವನ್ನೂ ಮಾತನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಉಣ್ಣುವವನು ಊಟವನ್ನು ಬಲ್ಲವನಾಗಿರಬೇಕೆಂಬುದು ಅವರ ಎಣಿಕೆ. ಊಟವನ್ನು ಮಾರುವವನೇ ಮಾತು ಬಲ್ಲವನಾದರೆ ಉಣ್ಣುವವನ ಗತಿ ಏನಾಗುವುದೆಂಬ ಪ್ರಶ್ನೆ ಅವರಿಗೆ ಎದುರಾಗಿರಲಿಲ್ಲ. ಅದು ನಮ್ಮ ಕಾಲದ ಪ್ರಶ್ನೆಯಾಗಿದೆ.

ಪುಣೆ, ಹೈದರಾಬಾದು, ಬೆಂಗಳೂರುಗಳಿಗೆ ಹೋಗಿಬರುವ ನಮ್ಮ ವಿದ್ಯಾರ್ಥಿಗಳು ಫಾಸ್ಟ್ ಫುಡ್ ಎಂದು ಕರೆಯಿಸಿಕೊಳ್ಳುವ ತ್ವರಿತಾಹಾರದ ಅಂಗಡಿಗಳನ್ನು ನೋಡಿಯೇ ಇರುತ್ತಾರೆ. ಕರಿದ ಆಲೂಗೆಡ್ಡೆ, ನಡುವೆ ಮಾಂಸದ ಇಲ್ಲವೆ ಆಲೂಗೆಡ್ಡೆಯ ವಡೆಯನ್ನಿಟ್ಟ ಬನ್ನು, ಸಕ್ಕರೆಯ ಪಾನೀಯ, ಇವು ಆ ಅಂಗಡಿಗಳ ಜೀವಾಳ. ಆದರೆ ಅದೇ ಅಂಗಡಿಯ ಫಲಕದ ಮೇಲೆ ಸಿರಿಧಾನ್ಯ, ಪ್ರೋಟೀನು, ಕಡಿಮೆ ಕೊಬ್ಬು ಎಂಬ ಮಾತುಗಳೂ ಈಗ ಕಾಣಿಸಿಕೊಳ್ಳುತ್ತಿವೆ. ಮಗುವಿನ ಹಟಕ್ಕೆ ಸೋತು ಒಳಹೊಕ್ಕ ತಂದೆತಾಯಿಗಳು ಆ ಫಲಕವನ್ನು ಓದಿ ಸಮಾಧಾನದ ಉಸಿರು ಬಿಡುತ್ತಾರೆ.

ಕೊಬ್ಬನ್ನು ಮಾರಿ ಬದುಕುವ ವ್ಯಾಪಾರಿ ಸೊಪ್ಪನ್ನು ಏಕೆ ಮಾರತೊಡಗಿದನು? ಅವನ ಮನಸ್ಸು ಬದಲಾಯಿತೆ, ಅಥವಾ ಅವನ ಲೆಕ್ಕ ಬದಲಾಯಿತೆ? ಇದಕ್ಕೆ ಊಹೆಯಿಂದ ಉತ್ತರ ಹೇಳುವುದಕ್ಕಿಂತ ಚರಿತ್ರೆಯನ್ನು ಕೇಳುವುದು ಮೇಲು. ಈ ಲೇಖನದಲ್ಲಿ ನಾವು ಅಮೆರಿಕೆಯ ಮ್ಯಾಕ್‌ಡೊನಾಲ್ಡ್ಸ್ ಕಂಪೆನಿಯನ್ನು ಮುಖ್ಯ ನಿದರ್ಶನವಾಗಿ ಆರಿಸಿಕೊಂಡಿದ್ದೇವೆ. ಅದು ಉಳಿದೆಲ್ಲವುಗಳಿಗಿಂತ ದೊಡ್ಡ ಅಪರಾಧಿಯೆಂದು ನಮ್ಮ ಅಭಿಪ್ರಾಯವಲ್ಲ. ಅದರ ಲಾಭನಷ್ಟಗಳ ಲೆಕ್ಕ ಶೇರುದಾರರ ಮುಂದೆ ಬಹಿರಂಗವಾಗಿ ಬರುವುದರಿಂದ, ಯಾವ ವರ್ಷ ಯಾವ ಬದಲಾವಣೆ ಏಕೆ ಬಂದಿತೆಂಬುದನ್ನು ತೂಗಿ ನೋಡುವುದಕ್ಕೆ ಅನುಕೂಲವಿದೆ, ಅಷ್ಟೇ.

೨

ರಿಚರ್ಡ್ ಮತ್ತು ಮಾರಿಸ್ ಮ್ಯಾಕ್‌ಡೊನಾಲ್ಡ್ ಎಂಬ ಸಹೋದರರಿಬ್ಬರು ೧೯೪೦ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಬರ್ನಾರ್ಡಿನೊ ಎಂಬ ಊರಿನಲ್ಲಿ ಒಂದು ಉಪಾಹಾರ ಗೃಹವನ್ನು ತೆರೆದರು. ೧೯೪೮ರಲ್ಲಿ ಅವರು ಅದನ್ನು ಕೆಲಕಾಲ ಮುಚ್ಚಿ, ಹೊಸ ಕ್ರಮದಲ್ಲಿ ಮತ್ತೆ ಆರಂಭಿಸಿದರು. ಇಪ್ಪತ್ತೈದು ಬಗೆಯ ಅಡಿಗೆಯ ಗೋಜನ್ನು ಬಿಟ್ಟು, ತಿನಿಸುಪಟ್ಟಿಯನ್ನು ಒಂಬತ್ತು ಪದಾರ್ಥಗಳಿಗೆ ಇಳಿಸಿದರು. ಬಡಿಸುವವರನ್ನು ತೆಗೆದುಹಾಕಿದರು. ಕಾರ್ಖಾನೆಯಲ್ಲಿ ಮೋಟಾರುಗಾಡಿಯನ್ನು ಜೋಡಿಸುವಂತೆ, ಒಬ್ಬ ಬನ್ನು ಸುಡುವುದು, ಇನ್ನೊಬ್ಬ ಮಾಂಸದ ಬಿಲ್ಲೆಯನ್ನು ಹೆಂಚಿನ ಮೇಲೆ ಹೊರಳಿಸುವುದು, ಮತ್ತೊಬ್ಬ ಕಟ್ಟಿಕೊಡುವುದು ಎಂಬ ಕೆಲಸದ ಹಂಚಿಕೆಯನ್ನು ತಂದರು. ಹ್ಯಾಂಬರ್ಗರಿನ ಬೆಲೆ ೧೫ ಸೆಂಟಿಗೆ ಇಳಿಯಿತು. ಜನ ಸಾಲುಗಟ್ಟಿ ನಿಂತರು.

ಹಾಲಿನ ಪಾನೀಯವನ್ನು ಕಡೆಯುವ ಯಂತ್ರಗಳನ್ನು ಮಾರುತ್ತಿದ್ದ ರೇ ಕ್ರಾಕ್ ಎಂಬಾತನು ೧೯೫೪ರಲ್ಲಿ ಈ ಅಂಗಡಿಯನ್ನು ಕಂಡು ಬೆರಗಾದನು. ಮರುವರ್ಷವೇ ಇಲಿನಾಯ್ ಪ್ರಾಂತದ ಡೆಸ್ ಪ್ಲೇನ್ಸಿನಲ್ಲಿ ತನ್ನದೊಂದು ಶಾಖೆಯನ್ನು ತೆರೆದನು. ೧೯೬೧ರಲ್ಲಿ ೨೭ ಲಕ್ಷ ಡಾಲರುಗಳನ್ನು ಕೊಟ್ಟು ಸಹೋದರರ ಹಕ್ಕನ್ನೆಲ್ಲ ಕೊಂಡುಕೊಂಡನು. ೧೯೬೫ರಲ್ಲಿ ಕಂಪೆನಿಯ ಶೇರುಗಳು ಸಾರ್ವಜನಿಕ ಮಾರಾಟಕ್ಕೆ ಬಂದವು.

ಈ ಪೂರ್ವಕಥೆಯಲ್ಲಿ ಎರಡು ಸಂಗತಿಗಳನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮೊದಲನೆಯದು, ಈ ವ್ಯಾಪಾರದ ಬುನಾದಿಯೇ ಕಿರಿದಾದ ತಿನಿಸುಪಟ್ಟಿ. ಹೊಸದೊಂದು ಪದಾರ್ಥ ಬಂದರೆ ಅದಕ್ಕೆ ಬೇರೆ ದಾಸ್ತಾನು, ಬೇರೆ ತರಬೇತಿ, ಬೇರೆ ಸಮಯ ಬೇಕಾಗುತ್ತದೆ. ತನ್ನ ಖರ್ಚನ್ನು ತಾನು ದುಡಿಯದ ಪದಾರ್ಥಕ್ಕೆ ಅಲ್ಲಿ ಬಹುಕಾಲ ಎಡೆಯಿಲ್ಲ. ಎರಡನೆಯದು, ಶೇರುಪೇಟೆಗೆ ಬಂದ ಕಂಪೆನಿ ಮೂರು ತಿಂಗಳಿಗೊಮ್ಮೆ ತನ್ನ ಲಾಭವನ್ನು ಲೋಕಕ್ಕೆ ತೋರಿಸಬೇಕು. ಊರಿನ ಖಾನಾವಳಿಯ ಯಜಮಾನನು ಒಂದು ತಿಂಗಳು ನಷ್ಟವಾದರೂ ನೆರೆಯವರ ಹಿತಕ್ಕಾಗಿ ಒಂದು ಪದಾರ್ಥವನ್ನು ಮಾಡಿಸಿಯಾನು. ಕಂಪೆನಿಗೆ ಆ ಸ್ವಾತಂತ್ರ್ಯ ಇಲ್ಲ. ದಯೆಯೂ ಅಲ್ಲಿ ಲೆಕ್ಕದ ಒಂದು ಅಂಕಣದಲ್ಲಿ ಬಂದು ಕುಳಿತುಕೊಳ್ಳಬೇಕಾಗುತ್ತದೆ.

೩

ಆರೋಗ್ಯದ ತಿನಿಸಿನ ಕಥೆ ವಾಸ್ತವವಾಗಿ ಆರೋಗ್ಯಕ್ಕೆ ಸಂಬಂಧವೇ ಇಲ್ಲದ ಒಂದು ಘಟನೆಯಿಂದ ಮೊದಲಾಗುತ್ತದೆ. ಸಿನ್ಸಿನಾಟಿ ನಗರದ ಶಾಖೆಯೊಂದನ್ನು ನಡೆಸುತ್ತಿದ್ದ ಲೂ ಗ್ರೋಯನ್ ಎಂಬಾತನಿಗೆ ಶುಕ್ರವಾರ ಬಂತೆಂದರೆ ಚಿಂತೆ. ಅವನ ಸುತ್ತಲಿನ ಜನರಲ್ಲಿ ಬಹುಪಾಲು ಕ್ಯಾಥೊಲಿಕ್ ಕ್ರೈಸ್ತರು. ಶುಕ್ರವಾರ ಅವರಿಗೆ ಮಾಂಸ ನಿಷಿದ್ಧ. ಆ ದಿನ ಅಂಗಡಿ ಬರಿದಾಗುತ್ತಿದ್ದಿತು. ಮೀನಿನ ತಿನಿಸೊಂದನ್ನು ಮಾರಲು ಅನುಮತಿ ಕೊಡಿರೆಂದು ಅವನು ಕ್ರಾಕನನ್ನು ಕೇಳಿಕೊಂಡನು. ಕ್ರಾಕನಿಗೆ ಅದು ಒಪ್ಪಿಗೆಯಾಗಲಿಲ್ಲ. ಮಾಂಸದ ಬದಲು ಅನಾನಸಿನ ತುಂಡನ್ನಿಟ್ಟ ಬನ್ನು ಆತನ ಸ್ವಂತ ಕಲ್ಪನೆಯಾಗಿದ್ದಿತು. ೧೯೬೨ರ ಗುಡ್ ಫ್ರೈಡೇ ದಿನ ಎರಡನ್ನೂ ಮಾರಾಟಕ್ಕಿಟ್ಟು ಪರೀಕ್ಷಿಸಿದರು. ಮೀನಿನದು ೩೫೦, ಅನಾನಸಿನದು ೬ ಎಂದು ಆ ದಿನದ ಲೆಕ್ಕವನ್ನು ಕಂಪೆನಿಯ ಚರಿತ್ರೆಯಲ್ಲಿ ಹೇಳುತ್ತಾರೆ. ೧೯೬೫ರ ಹೊತ್ತಿಗೆ ಮೀನಿನ ಬನ್ನು ದೇಶದಾದ್ಯಂತ ಮಾರಾಟಕ್ಕೆ ಬಂದಿತು.

ಇಲ್ಲಿ ವ್ಯಾಪಾರದ ಒಂದು ಸೂತ್ರ ಸ್ಪಷ್ಟವಾಗಿ ಕಾಣುತ್ತದೆ. ಒಂದು ಕುಟುಂಬದ ನಾಲ್ವರು ಕಾರಿನಲ್ಲಿ ಹೊರಟಿದ್ದಾರೆಂದು ಭಾವಿಸೋಣ. ಮೂವರಿಗೆ ಬರ್ಗರ್ ಬೇಕು. ಒಬ್ಬಳಿಗೆ ಅದು ಬೇಡ. 'ಅಲ್ಲಿ ನನಗೆ ತಿನ್ನುವುದಕ್ಕೇನೂ ಇಲ್ಲ' ಎಂದು ಆಕೆ ಹೇಳಿದರೆ ನಾಲ್ವರೂ ಬೇರೆ ಅಂಗಡಿಗೆ ತಿರುಗುತ್ತಾರೆ. ಒಬ್ಬಳ ನಿರಾಕರಣೆಯಿಂದ ನಾಲ್ಕು ಊಟಗಳ ನಷ್ಟ! ಆ ಒಬ್ಬಳಿಗಾಗಿ ಒಂದು ಪದಾರ್ಥವನ್ನು ಇಟ್ಟರೆ, ಅದರಿಂದ ಬರುವ ಲಾಭ ಅಲ್ಪವಾದರೂ, ಅದು ಉಳಿದ ಮೂವರ ಬರ್ಗರನ್ನೂ ಆಲೂಗೆಡ್ಡೆಯನ್ನೂ ಪಾನೀಯವನ್ನೂ ಅಂಗಡಿಯೊಳಗೆ ಎಳೆತರುತ್ತದೆ. ಅಮೆರಿಕೆಯ ವ್ಯಾಪಾರಿಗಳು ಇದನ್ನು 'ವೀಟೋ ಮತ'ವೆಂದು ಕರೆಯುತ್ತಾರೆ. ಶುಕ್ರವಾರದ ಮೀನು ಹೇಗೋ, ಮುಂದೆ ಬಂದ ಸೊಪ್ಪಿನ ಬಟ್ಟಲೂ ಹಾಗೆಯೇ: ಅದು ಮಾರಾಟದ ಸರಕಾಗಿರುವುದಕ್ಕಿಂತ ಹೆಚ್ಚಾಗಿ ಬಾಗಿಲಿಗೆ ಕಟ್ಟಿದ ತೋರಣ.

೪

ಅಮೆರಿಕೆಯಲ್ಲಿ ಹೃದ್ರೋಗದ ಭಯ ಹಬ್ಬಿದ ಕಾಲದಲ್ಲಿ ಈ ತೋರಣ ಅವಶ್ಯವಾಯಿತು. ೧೯೭೭ರಲ್ಲಿ ಜಾರ್ಜ್ ಮ್ಯಾಕ್‌ಗವರ್ನರ ಅಧ್ಯಕ್ಷತೆಯ ಸೆನೆಟ್ ಸಮಿತಿಯು ಕೊಬ್ಬು, ಸಕ್ಕರೆ, ಉಪ್ಪುಗಳನ್ನು ಕಡಿಮೆ ಮಾಡಬೇಕೆಂದು ಜನತೆಗೆ ಸಲಹೆಯಿತ್ತಿತು. ೧೯೭೯ರಲ್ಲಿ ವೆಂಡೀಸ್ ಎಂಬ ಕಂಪೆನಿ ತನ್ನ ಅಂಗಡಿಗಳಲ್ಲಿ ಹಸಿ ತರಕಾರಿಯ ಸಲಾಡನ್ನು ಗಿರಾಕಿಗಳೇ ಬಡಿಸಿಕೊಳ್ಳುವ ಏರ್ಪಾಡನ್ನು ಮಾಡಿತು. ಮ್ಯಾಕ್‌ಡೊನಾಲ್ಡ್ಸ್ ೧೯೮೭ರಲ್ಲಿ ಸಲಾಡಿಗೆ ಇಳಿಯಿತು. ೧೯೯೧ರಲ್ಲಿ 'ಕೆಂಟಕಿ ಫ್ರೈಡ್ ಚಿಕನ್' ಕಂಪೆನಿಯು ತನ್ನ ಹೆಸರನ್ನು ಮೂರು ಅಕ್ಷರಗಳಿಗೆ ಮೊಟಕು ಮಾಡಿ 'ಕೆಎಫ್‌ಸಿ'ಯಾಯಿತು. ಕರಿದದ್ದು ಎಂಬರ್ಥದ 'ಫ್ರೈಡ್' ಎಂಬ ಮಾತು ಗಿರಾಕಿಗಳ ಕಿವಿಗೆ ಅಹಿತವಾಗತೊಡಗಿದ್ದುದು ಅದಕ್ಕೊಂದು ಕಾರಣ. ಕೋಳಿಯನ್ನು ಕರಿಯುವುದು ಮಾತ್ರ ನಿಲ್ಲಲಿಲ್ಲ.

ಈ ನಡುವೆ ಫಿಲ್ ಸೊಕೊಲೊಫ್ ಎಂಬ ವ್ಯಕ್ತಿ ರಂಗಕ್ಕೆ ಬರುತ್ತಾನೆ. ನೆಬ್ರಾಸ್ಕದ ಒಮಾಹ ನಗರದ ಈ ಉದ್ಯಮಿಗೆ ೧೯೬೬ರಲ್ಲಿ, ನಲವತ್ತರ ಹರೆಯದಲ್ಲಿ, ಹೃದಯಾಘಾತವಾಯಿತು. ಬದುಕಿ ಉಳಿದ ಆತನು ೧೯೮೫ರಲ್ಲಿ ಒಂದು ಸಂಘವನ್ನು ಕಟ್ಟಿ, ತನ್ನ ಸ್ವಂತ ಹಣದಿಂದ ಪತ್ರಿಕೆಗಳಲ್ಲಿ ಪುಟ ತುಂಬ ಜಾಹೀರಾತುಗಳನ್ನು ಕೊಡತೊಡಗಿದನು. ೧೯೯೦ರಲ್ಲಿ ಆತನ ಬಾಣ ಮ್ಯಾಕ್‌ಡೊನಾಲ್ಡ್ಸಿನ ಕಡೆಗೆ ತಿರುಗಿತು. ಆವರೆಗೆ ಅಲ್ಲಿ ಆಲೂಗೆಡ್ಡೆಯನ್ನು ಕರಿಯುತ್ತಿದ್ದುದು ಬಹುಪಾಲು ದನದ ಕೊಬ್ಬಿನಲ್ಲಿ. ಇದರಿಂದ ಹೃದಯಕ್ಕೆ ಕೇಡೆಂದು ಆತನು ದೇಶದ ದೊಡ್ಡ ಪತ್ರಿಕೆಗಳಲ್ಲಿ ಸಾರಿದನು. ಕಂಪೆನಿ ಮೊದಲು ಪ್ರತಿಭಟಿಸಿತು. ಆದರೆ ಜುಲೈ ತಿಂಗಳಲ್ಲಿ ಮ್ಯಾಕ್‌ಡೊನಾಲ್ಡ್ಸ್, ಬರ್ಗರ್ ಕಿಂಗ್, ವೆಂಡೀಸ್ ಮೂರೂ ದನದ ಕೊಬ್ಬನ್ನು ಬಿಟ್ಟು ಸಸ್ಯದೆಣ್ಣೆಗೆ ತಿರುಗುವುದಾಗಿ ಪ್ರಕಟಿಸಿದವು. ಒಬ್ಬ ಸಾಮಾನ್ಯ ಪ್ರಜೆಯ ಛಲಕ್ಕೆ ದೈತ್ಯರು ಮಣಿದರೆಂದು ಎಲ್ಲರೂ ಹರ್ಷಪಟ್ಟರು.

ಆದರೆ ಚರಿತ್ರೆಯ ವ್ಯಂಗ್ಯ ಇಲ್ಲಿಯೇ ಇದೆ. ಸಾಧಾರಣ ಸಸ್ಯದೆಣ್ಣೆ ಮತ್ತೆ ಮತ್ತೆ ಕಾಯಿಸಿದರೆ ಬೇಗ ಕೆಡುತ್ತದೆ. ಅದಕ್ಕಾಗಿ ಕಂಪೆನಿಗಳು ಆರಿಸಿಕೊಂಡದ್ದು ಜಲಜನಕವನ್ನು ಭಾಗಶಃ ಕೂಡಿಸಿ ಗಟ್ಟಿಮಾಡಿದ ಎಣ್ಣೆಯನ್ನು. ನಮ್ಮಲ್ಲಿ ವನಸ್ಪತಿ, ಡಾಲ್ಡಾ ಎಂದು ಮನೆಮಾತಾದ ಪದಾರ್ಥವೂ ಇದೇ ಕುಲದ್ದು. ಹೀಗೆ ಜಲಜನಕವನ್ನು ಕೂಡಿಸುವಾಗ ಟ್ರಾನ್ಸ್ ಕೊಬ್ಬು ಎಂಬ ವಿಶೇಷ ಬಗೆಯ ಕೊಬ್ಬು ಹುಟ್ಟುತ್ತದೆ. ಕಂಪೆನಿಗಳ ಘೋಷಣೆಯಾದ ಮರುತಿಂಗಳೇ, ೧೯೯೦ರ ಆಗಸ್ಟಿನಲ್ಲಿ, ಹಾಲೆಂಡಿನ ಇಬ್ಬರು ವಿಜ್ಞಾನಿಗಳ ಸಂಶೋಧನೆ ಪ್ರಕಟವಾಯಿತು: ಟ್ರಾನ್ಸ್ ಕೊಬ್ಬು ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲನ್ನು ಏರಿಸುವುದಲ್ಲದೆ ಒಳ್ಳೆಯದನ್ನು ಇಳಿಸುತ್ತದೆ! ಕೆಡುಕನ್ನು ಬಿಟ್ಟೆವೆಂದು ಹೇಳಿ ಅದಕ್ಕಿಂತ ಹೆಚ್ಚಿನ ಕೆಡುಕನ್ನು ಬಾಣಲೆಗೆ ಸುರಿದಂತಾಯಿತು. ಇದನ್ನು ಬೇಕೆಂದೇ ಮಾಡಿದರೆಂದು ಹೇಳುವುದು ನ್ಯಾಯವಲ್ಲ. ಆಗಿನ ವೈದ್ಯರಲ್ಲಿ ಅನೇಕರು ಆ ಎಣ್ಣೆಯನ್ನೇ ಮೆಚ್ಚಿದ್ದರು. ಆದರೆ ದೋಷ ತಿಳಿದ ಮೇಲೂ ಅಗ್ಗವಾದ, ಬಾಳಿಕೆಯುಳ್ಳ ಆ ಎಣ್ಣೆಯನ್ನು ಬಿಡಲು ಹದಿನೆಂಟು ವರ್ಷಗಳು ಹಿಡಿದವು. ೨೦೦೨ರಲ್ಲಿ ಮ್ಯಾಕ್‌ಡೊನಾಲ್ಡ್ಸ್ ತನ್ನ ಎಣ್ಣೆಯನ್ನು ಬದಲಿಸುವುದಾಗಿ ಅಬ್ಬರದಿಂದ ಸಾರಿ, ಹೇಳಿದ ಅವಧಿಯಲ್ಲಿ ಬದಲಿಸಲಿಲ್ಲ. ಆ ವಿಳಂಬವನ್ನು ಜನರಿಗೆ ಸರಿಯಾಗಿ ತಿಳಿಸಲಿಲ್ಲವೆಂದು ಹೂಡಿದ ಮೊಕದ್ದಮೆ ೨೦೦೫ರಲ್ಲಿ ೮೫ ಲಕ್ಷ ಡಾಲರುಗಳ ರಾಜಿಯಿಂದ ಮುಗಿಯಿತು.

ಈ ಪ್ರಸಂಗಕ್ಕೆ ನಮ್ಮ ದೇಶದವರಿಗೆ ಹತ್ತಿರವಾದ ಇನ್ನೊಂದು ಮುಖವುಂಟು. 'ಸಸ್ಯದೆಣ್ಣೆ' ಎಂಬ ಮಾತನ್ನು ನಂಬಿ ಅಮೆರಿಕೆಯಲ್ಲಿದ್ದ ಹಿಂದೂಗಳೂ ಇತರ ಸಸ್ಯಾಹಾರಿಗಳೂ ಆ ಆಲೂಗೆಡ್ಡೆಯನ್ನು ತಿನ್ನುತ್ತಿದ್ದರು. ಕೊಬ್ಬು ಹೋದರೂ ಹಳೆಯ ರುಚಿ ಹೋಗಬಾರದೆಂದು ಅದಕ್ಕೆ ದನದ ಮಾಂಸದಿಂದ ಬಂದ ಪರಿಮಳವನ್ನು ಸೇರಿಸುತ್ತಿದ್ದ ಸಂಗತಿ ೨೦೦೧ರಲ್ಲಿ ಬಯಲಿಗೆ ಬಂದಿತು. ಸಿಯಾಟಲಿನಲ್ಲಿ ನೆಲಸಿದ್ದ ಭಾರತೀಯ ಮೂಲದ ವಕೀಲ ಹರೀಶ್ ಭಾರ್ತಿಯವರು ಮೊಕದ್ದಮೆ ಹೂಡಿದರು. ೨೦೦೨ರಲ್ಲಿ ಕಂಪೆನಿ ಕ್ಷಮೆ ಕೇಳಿ, ಹಿಂದೂ ಮತ್ತು ಸಸ್ಯಾಹಾರಿ ಸಂಸ್ಥೆಗಳೇ ಮೊದಲಾದವುಗಳಿಗೆ ಒಂದು ಕೋಟಿ ಡಾಲರುಗಳನ್ನು ಕೊಡಲು ಒಪ್ಪಿತು. ಫಲಕದ ಮೇಲಿನ ಒಂದು ಮಾತು ಸತ್ಯವಾಗಿದ್ದೂ ಪೂರ್ಣಸತ್ಯವಾಗದಿರಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

೫

ಹಾಗಾದರೆ ಪ್ರಾಮಾಣಿಕವಾದ ಪ್ರಯತ್ನವೇ ನಡೆಯಲಿಲ್ಲವೆ? ನಡೆಯಿತು, ಅದನ್ನು ಮರೆಮಾಚುವುದು ಚರಿತ್ರಕಾರನಿಗೆ ಶೋಭಿಸದು. ೧೯೯೧ರಲ್ಲಿ ಮ್ಯಾಕ್‌ಡೊನಾಲ್ಡ್ಸ್ 'ಮ್ಯಾಕ್‌ಲೀನ್ ಡಿಲಕ್ಸ್' ಎಂಬ ಬರ್ಗರನ್ನು ಹೊರತಂದಿತು. ಅದರ ಮಾಂಸದಲ್ಲಿ ನೂರಕ್ಕೆ ೯೧ ಪಾಲು ಕೊಬ್ಬಿಲ್ಲವೆಂದು ಸಾರಿದರು. ಕೊಬ್ಬು ಹೋದ ಮೇಲೆ ಮಾಂಸ ಒಣಗದಂತೆ ನೀರನ್ನೂ, ಆ ನೀರನ್ನು ಹಿಡಿದಿಡಲು ಕಡಲಪಾಚಿಯಿಂದ ತೆಗೆದ ಕ್ಯಾರಜೀನನ್ ಎಂಬ ಪದಾರ್ಥವನ್ನೂ ಸೇರಿಸಿದ್ದರು. ಆಹಾರತಜ್ಞರು ಹೊಗಳಿದರು, ಗಿರಾಕಿಗಳು ತಿನ್ನಲಿಲ್ಲ. ೧೯೯೬ರಲ್ಲಿ ಅದು ಪಟ್ಟಿಯಿಂದ ಮಾಯವಾಯಿತು. ಬರ್ಗರ್ ಕಿಂಗಿನ ಅನುಭವವೂ ಇಂಥದೇ. ೨೦೧೩ರ ಸೆಪ್ಟೆಂಬರಿನಲ್ಲಿ ಕಡಿಮೆ ಎಣ್ಣೆ ಹೀರುವ ಆಲೂಗೆಡ್ಡೆಯನ್ನು 'ಸ್ಯಾಟಿಸ್‌ಫ್ರೈಸ್' ಎಂಬ ಹೆಸರಿನಿಂದ, ಸಾಧಾರಣ ಆಲೂಗೆಡ್ಡೆಗಿಂತ ಹೆಚ್ಚಿನ ಬೆಲೆಗೆ, ಮಾರತೊಡಗಿದರು. ವರ್ಷ ತುಂಬುವ ಮುನ್ನ ಅದರ ಬಹುತೇಕ ಅಂಗಡಿಗಳು ಅದನ್ನು ಕೈಬಿಟ್ಟವು.

'ಏನು ಬೇಕು?' ಎಂದು ಮನೆಯಲ್ಲಿ ಕೇಳಿದರೆ ಜನ 'ಆರೋಗ್ಯಕರವಾದದ್ದು' ಎನ್ನುತ್ತಾರೆ. ಅಂಗಡಿಯ ಕಟ್ಟೆಯ ಮುಂದೆ ನಿಂತಾಗ, ಕರಿದುದರ ಘಮ ಮೂಗಿಗೆ ಬಡಿದಾಗ, ಬೆರಳು ಬೇರೆಯದನ್ನೇ ತೋರಿಸುತ್ತದೆ. ಕಂಪೆನಿಗಳು ಈ ಇಬ್ಬಂದಿಯನ್ನು ಬಲು ಬೇಗ ಅರಿತುಕೊಂಡವು. ಜನ ಕೇಳುವ ಮಾತನ್ನು ಫಲಕದ ಮೇಲೆ ಬರೆಯುವುದು, ಜನ ಕೊಳ್ಳುವ ಸರಕನ್ನು ಬಾಣಲೆಯಲ್ಲಿಡುವುದು, ಇದೇ ಲಾಭದ ದಾರಿಯೆಂದು ತಿಳಿದುಕೊಂಡವು. ಈ ದಾರಿಯನ್ನು ಹಾಕಿಕೊಟ್ಟವರಲ್ಲಿ ನಾವೂ, ಎಂದರೆ ಗಿರಾಕಿಗಳೂ, ಇದ್ದೇವೆಂಬುದನ್ನು ಒಪ್ಪಿಕೊಳ್ಳಬೇಕು.

೬

೨೦೦೨-೦೪ರ ಅವಧಿ ಈ ಚರಿತ್ರೆಯ ಸಂಧಿಕಾಲ. ತಮ್ಮ ಸ್ಥೂಲಕಾಯಕ್ಕೆ ಕಂಪೆನಿಯೇ ಹೊಣೆಯೆಂದು ೨೦೦೨ರಲ್ಲಿ ನ್ಯೂಯಾರ್ಕಿನ ಇಬ್ಬರು ಬಾಲಕಿಯರ ಪರವಾಗಿ ಮೊಕದ್ದಮೆ ದಾಖಲಾಯಿತು. ೨೦೦೩ರ ಜನವರಿಯಲ್ಲಿ ನ್ಯಾಯಾಧೀಶ ರಾಬರ್ಟ್ ಸ್ವೀಟ್ ಅವರು ಅದನ್ನು ತಳ್ಳಿಹಾಕಿದರು. ಆದರೆ ನ್ಯಾಯಾಲಯದಲ್ಲಿ ಗೆದ್ದ ಕಂಪೆನಿ ಪತ್ರಿಕೆಗಳಲ್ಲಿ ಸೋತಿತು. ಅದೇ ತಿಂಗಳಲ್ಲಿ ಇನ್ನೊಂದು ವಾರ್ತೆ ಬಂದಿತು: ೨೦೦೨ರ ಕೊನೆಯ ಮೂರು ತಿಂಗಳಲ್ಲಿ ಮ್ಯಾಕ್‌ಡೊನಾಲ್ಡ್ಸಿಗೆ ನಷ್ಟವಾಗಿದ್ದಿತು. ೧೯೬೫ರಲ್ಲಿ ಶೇರುಪೇಟೆಗೆ ಬಂದಂದಿನಿಂದ ಅದಕ್ಕೆ ಒದಗಿದ ಮೊಟ್ಟಮೊದಲ ತ್ರೈಮಾಸಿಕ ನಷ್ಟ ಅದು.

ಮುಂದಿನ ಕೆಲವೇ ತಿಂಗಳಲ್ಲಿ, ೨೦೦೩ರಲ್ಲಿ, ಕಂಪೆನಿಯ ಹೊಸ ಸಲಾಡುಗಳು ಬಂದವು. ಇವು ೧೯೮೭ರ ಸಾದಾ ಸಲಾಡುಗಳಲ್ಲ. 'ಪ್ರೀಮಿಯಂ' ಎಂಬ ಹೆಸರು, ನಟ ಪಾಲ್ ನ್ಯೂಮನ್ ಸ್ಥಾಪಿಸಿದ್ದ ಸಂಸ್ಥೆಯ ಒಗ್ಗರಣೆಯ ರಸ, ಅಗ್ಗದ ಬರ್ಗರುಗಳಿಗಿಂತ ಹೆಚ್ಚಿನ ಬೆಲೆ. ಗುರಿ ಮುಖ್ಯವಾಗಿ ಮಹಿಳೆಯರು, ಅದರಲ್ಲಿಯೂ ಮಕ್ಕಳನ್ನು ಕರೆತರುವ ತಾಯಂದಿರು. ಮಗುವಿಗೆ ಆಟಿಕೆಯೊಡನೆ ಬರುವ ಊಟ, ತಾಯಿಗೆ ಸಲಾಡು. ಕಾರಿನಲ್ಲಿ ಕುಳಿತು 'ಬೇಡ' ಎನ್ನುವ ಅಧಿಕಾರವಿದ್ದವಳು ಆಕೆ. ಲೂ ಗ್ರೋಯನ್ನನ ಶುಕ್ರವಾರದ ಸೂತ್ರವೇ ಇಲ್ಲಿ ವೇಷ ಬದಲಿಸಿ ಬಂದಿದ್ದಿತು. ಕರಿದ ಕೋಳಿಯ ತುಂಡುಗಳನ್ನೂ ಕೆನೆಭರಿತವಾದ ರಸವನ್ನೂ ಸೇರಿಸಿದರೆ ಅಂಥ ಸಲಾಡಿನಲ್ಲಿ ಸಾದಾ ಹ್ಯಾಂಬರ್ಗರಿಗಿಂತ ಹೆಚ್ಚು ಕೊಬ್ಬು ಇರುತ್ತಿದ್ದಿತೆಂಬುದು ಬೇರೆ ಮಾತು.

೨೦೦೪ರ ಆದಿಯಲ್ಲಿ ಮಾರ್ಗನ್ ಸ್ಪರ್‌ಲಾಕ್ ಎಂಬ ಚಿತ್ರನಿರ್ಮಾಪಕನು ತಿಂಗಳು ಪೂರ್ತಿ ಇದೇ ಅಂಗಡಿಯ ಊಟವನ್ನು ಉಂಡು ತೆಗೆದ 'ಸೂಪರ್ ಸೈಜ್ ಮೀ' ಎಂಬ ಚಿತ್ರ ಪ್ರದರ್ಶನಗೊಂಡಿತು. ಮಾರ್ಚಿಯಲ್ಲಿ ಕಂಪೆನಿ ತನ್ನ ಅತಿದೊಡ್ಡ 'ಸೂಪರ್ ಸೈಜ್' ಅಳತೆಯನ್ನು ಹಿಂತೆಗೆದುಕೊಳ್ಳುವುದಾಗಿ ಹೇಳಿತು. ಚಿತ್ರಕ್ಕೂ ಇದಕ್ಕೂ ಸಂಬಂಧವಿಲ್ಲವೆಂದೂ ಸೇರಿಸಿತು. ಅದೇ ವರ್ಷ ಅಮೆರಿಕೆಯ ವ್ಯಾಪಾರ ಆಯೋಗವು ಕೆಎಫ್‌ಸಿಯನ್ನು ಹಿಡಿದು ಕೇಳಿತು. ಕರಿದ ಕೋಳಿ ಮೈತೂಕ ಇಳಿಸುವವರಿಗೂ ಒಗ್ಗುತ್ತದೆಂಬಂತೆ ಅದು ಜಾಹೀರಾತು ಕೊಟ್ಟಿದ್ದಿತು. ಅಂಥ ಮಾತುಗಳನ್ನು ಆಧಾರವಿಲ್ಲದೆ ಆಡುವುದಿಲ್ಲವೆಂದು ಕೆಎಫ್‌ಸಿ ಒಪ್ಪಿಕೊಳ್ಳಬೇಕಾಯಿತು.

ಸಲಾಡುಗಳಿಂದ ಲಾಭವಾಯಿತೆ? ಕಂಪೆನಿ ಚೇತರಿಸಿಕೊಂಡದ್ದು ನಿಜ. ೨೦೦೩ರ ಮಾರ್ಚಿಯಲ್ಲಿ ಸುಮಾರು ೧೨ ಡಾಲರಿಗೆ ಕುಸಿದಿದ್ದ ಶೇರಿನ ಬೆಲೆ ಆ ವರ್ಷದ ಕೊನೆಗೆ ಇಮ್ಮಡಿಯಾಗಿದ್ದಿತು. ಅಂಗಡಿಗಳ ಶುಚಿತ್ವ, ಅಗ್ಗದ ತಿನಿಸುಗಳ ಪಟ್ಟಿ, ಹೊಸ ಜಾಹೀರಾತು ಮೊದಲಾದವುಗಳೂ ಇದಕ್ಕೆ ಕಾರಣ. ಆದರೆ ಸಲಾಡು ತಾನೇ ಎಷ್ಟು ಮಾರಾಟವಾಗುತ್ತಿತ್ತು? ಹತ್ತು ವರ್ಷಗಳ ತರುವಾಯ, ೨೦೧೩ರಲ್ಲಿ, ಅಂದಿನ ಮುಖ್ಯಾಧಿಕಾರಿ ಡಾನ್ ಥಾಂಪ್ಸನ್ ಬಂಡವಾಳಗಾರರ ಮುಂದೆ ಹೇಳಿದ ಲೆಕ್ಕದಂತೆ ಅಮೆರಿಕೆಯ ಮಾರಾಟದಲ್ಲಿ ಸಲಾಡಿನ ಪಾಲು ನೂರಕ್ಕೆ ಎರಡು ಮೂರು ಮಾತ್ರ! ೨೦೨೦ರಲ್ಲಿ ಕೋವಿಡ್ ಮಹಾಮಾರಿ ಬಂದು ಅಡಿಗೆಮನೆಯ ಕೆಲಸವನ್ನು ಸರಳಗೊಳಿಸಬೇಕಾದಾಗ ಪಟ್ಟಿಯಿಂದ ಹೊರಹೋದವುಗಳಲ್ಲಿ ಸಲಾಡೂ ಒಂದು. ಗಿರಾಕಿ ಕಾರಿನಿಂದ ಇಳಿಯದೆಯೇ ತಿಂಡಿಯ ಪೊಟ್ಟಣವನ್ನು ಒಯ್ಯುತ್ತಿದ್ದ ಆ ಕಾಲದಲ್ಲಿ ತೋರಣದ ಅಗತ್ಯ ತೀರಿದ್ದಿತು.

೨೦೦೯ರಲ್ಲಿ ಅಮೆರಿಕೆಯ ಕೆಲವು ಸಂಶೋಧಕರು ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಸ್ಮರಣೀಯವಾಗಿದೆ. ತಿನಿಸುಪಟ್ಟಿಯಲ್ಲಿ ಸಲಾಡನ್ನು ಸೇರಿಸಿದಾಗ, ಆತ್ಮಸಂಯಮ ಹೆಚ್ಚೆಂದು ಎಣಿಸಿಕೊಂಡವರೇ ಮೊದಲಿಗಿಂತ ಹೆಚ್ಚಾಗಿ ಕರಿದ ಆಲೂಗೆಡ್ಡೆಯನ್ನು ಆರಿಸಿಕೊಂಡರು. ಸಲಾಡನ್ನು ಪಟ್ಟಿಯಲ್ಲಿ ಕಂಡದ್ದರಿಂದಲೇ, ತಿನ್ನದಿದ್ದರೂ, ಒಳ್ಳೆಯ ಕೆಲಸ ಮಾಡಿದ ತೃಪ್ತಿ ಅವರ ಮನಸ್ಸಿಗೆ ದೊರೆಯಿತೆಂದು ಸಂಶೋಧಕರ ವಿವರಣೆ. ದೇವಾಲಯದ ಶಿಖರವನ್ನು ದೂರದಿಂದ ನೋಡಿ ಕೈಮುಗಿದು, ಪೂಜೆ ಮುಗಿಯಿತೆಂದು ಹೊರಟುಹೋಗುವ ಮನುಷ್ಯಸ್ವಭಾವ ನಮಗೇನೂ ಅಪರಿಚಿತವಲ್ಲ.

೭

ಬಂದುಹೋದ ತಿನಿಸುಗಳನ್ನು ಕಂಡೆವು. ಹಾಗಾದರೆ ನಿಂತ ಬದಲಾವಣೆ ಯಾವುದು? ಬಾಣಲೆಯಿಂದ ಟ್ರಾನ್ಸ್ ಕೊಬ್ಬು ಹೋದದ್ದು. ಅದು ಹೋದ ಬಗೆಯನ್ನು ಗಮನಿಸಬೇಕು.

ಡೆನ್ಮಾರ್ಕ್ ೨೦೦೩ರಲ್ಲಿ ಅದಕ್ಕೆ ಕಾನೂನಿನ ಮಿತಿಯನ್ನು ಹಾಕಿತು. ೨೦೦೬ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ನಗರವು ಉಪಾಹಾರ ಗೃಹಗಳಲ್ಲಿ ಅದನ್ನು ನಿಷೇಧಿಸಿ, ಎರಡು ಹಂತಗಳಲ್ಲಿ, ೨೦೦೭ ಮತ್ತು ೨೦೦೮ರ ಜುಲೈಯಿಂದ, ಜಾರಿಗೆ ತಂದಿತು. ವರ್ಷಗಳಿಂದ ಆಗದಿದ್ದ ಎಣ್ಣೆಯ ಬದಲಾವಣೆಯನ್ನು ಮ್ಯಾಕ್‌ಡೊನಾಲ್ಡ್ಸ್ ಅಮೆರಿಕೆಯಲ್ಲಿ ಪೂರ್ಣಗೊಳಿಸಿದ್ದು ಅದೇ ೨೦೦೮ರಲ್ಲಿ. ೨೦೧೫ರಲ್ಲಿ ಅಮೆರಿಕೆಯ ಆಹಾರ ಮತ್ತು ಔಷಧ ಇಲಾಖೆಯು ಜಲಜನಕ ಕೂಡಿಸಿದ ಅಂಥ ಎಣ್ಣೆಯನ್ನು ಸುರಕ್ಷಿತವೆಂದು ಭಾವಿಸಲಾಗದೆಂದು ತೀರ್ಮಾನಿಸಿತು. ನಮ್ಮ ಭಾರತದಲ್ಲಿಯೂ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬಿನ ಮಿತಿಯನ್ನು ೨೦೨೧ರಲ್ಲಿ ನೂರಕ್ಕೆ ೩ಕ್ಕೂ, ೨೦೨೨ರ ಜನವರಿಯಿಂದ ನೂರಕ್ಕೆ ೨ಕ್ಕೂ ಇಳಿಸಿದ್ದಾರೆ. ಬ್ರಿಟನ್ನಿನಲ್ಲಿ ಸಕ್ಕರೆಯ ಪಾನೀಯಗಳ ಮೇಲೆ ಕರ ಹಾಕುವುದಾಗಿ ೨೦೧೬ರಲ್ಲಿ ಘೋಷಿಸಿದಾಗ, ೨೦೧೮ರ ಏಪ್ರಿಲಿನಲ್ಲಿ ಅದು ಜಾರಿಗೆ ಬರುವ ಮುನ್ನವೇ ಅನೇಕ ತಯಾರಕರು ಸಕ್ಕರೆಯನ್ನು ಕಡಿಮೆ ಮಾಡಿದ್ದರು.

ಕಾನೂನು ಏಕೆ ಫಲಿಸಿತು? ಅದು ವ್ಯಾಪಾರಿಯ ಮನಸ್ಸನ್ನು ಪರಿವರ್ತಿಸಲಿಲ್ಲ. ಅವನ ಲೆಕ್ಕವನ್ನು ಪರಿವರ್ತಿಸಿತು. ಒಬ್ಬನೇ ಒಳ್ಳೆಯ ಎಣ್ಣೆಗೆ ತಿರುಗಿದರೆ ಹೆಚ್ಚಿನ ಖರ್ಚು ಅವನೊಬ್ಬನಿಗೆ. ರುಚಿ ಬದಲಾದರೆ ಗಿರಾಕಿ ನೆರೆಯಂಗಡಿಗೆ. ಎಲ್ಲರೂ ಏಕಕಾಲದಲ್ಲಿ ತಿರುಗಲೇಬೇಕಾದರೆ ಯಾರಿಗೂ ಆ ಭಯವಿಲ್ಲ. ಒಳ್ಳೆಯವನಾಗುವುದರಿಂದ ನಷ್ಟವಾಗದಂತಹ ವ್ಯವಸ್ಥೆಯನ್ನು ಕಾನೂನು ಕಲ್ಪಿಸಿತು. ಸಲಾಡು ಒಂದು ಐಚ್ಛಿಕ ಪದಾರ್ಥವಾದುದರಿಂದ ಪಟ್ಟಿಯ ಮೂಲೆಯಲ್ಲಿ ಬಂದು ಪಟ್ಟಿಯ ಮೂಲೆಯಿಂದ ಹೋಯಿತು. ಎಣ್ಣೆಯಾದರೋ ಪ್ರತಿಯೊಂದು ಪೊಟ್ಟಣದೊಳಗೂ ಬದಲಾಯಿತು, ಗಿರಾಕಿ ಕೇಳಲಿ ಬಿಡಲಿ.

೮

ಇನ್ನು ನಮ್ಮ ಕಡೆಗೆ ಬರೋಣ. ಕೆಎಫ್‌ಸಿ ತನ್ನ ಅಂಗಡಿಯನ್ನು ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ೧೯೯೫ರಲ್ಲಿ ತೆರೆಯಿತು. ಅಜಿನೊಮೊಟೊ ಎಂದು ನಾವು ಕರೆಯುವ ಲವಣದ ಪ್ರಮಾಣ ಮಿತಿಮೀರಿದೆಯೆಂದು ನಗರ ಪಾಲಿಕೆ ಆ ವರ್ಷವೇ ಪರವಾನಿಗೆಯನ್ನು ರದ್ದುಪಡಿಸಿತು. ನ್ಯಾಯಾಲಯದ ಮೂಲಕ ಅಂಗಡಿ ಮುಂದುವರಿಯಿತು. ಪ್ರೊಫೆಸರ್ ಎಂ. ಡಿ. ನಂಜುಂಡಸ್ವಾಮಿಯವರ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘವು ಈ ಅಂಗಡಿಯನ್ನು ವಿರೋಧಿಸಿತು. ೧೯೯೬ರ ಜನವರಿ ೩೦ರಂದು ಸಂಘದವರು ಅದರ ಮೇಲೆ ದಾಳಿ ನಡೆಸಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಮ್ಯಾಕ್‌ಡೊನಾಲ್ಡ್ಸ್ ದಿಲ್ಲಿಗೆ ಬಂದಿತು. ಇಲ್ಲಿ ಅದು ದನದ ಮಾಂಸವನ್ನು ಕೈಬಿಟ್ಟಿತು. ಸಸ್ಯಾಹಾರಕ್ಕೆ ಪ್ರತ್ಯೇಕ ಅಡಿಗೆಯ ಕಟ್ಟೆಗಳನ್ನು ಮಾಡಿತು. ಆಲೂಗೆಡ್ಡೆಯ ಟಿಕ್ಕಿಯನ್ನು ಬನ್ನಿನೊಳಗಿಟ್ಟಿತು. ಸಿನ್ಸಿನಾಟಿಯ ಶುಕ್ರವಾರ ನಮ್ಮ ದೇಶದಲ್ಲಿ ವಾರದ ಏಳೂ ದಿನಗಳಿಗೆ ಹಬ್ಬಿತು.

ಈಗಿನ ಅಧ್ಯಾಯ ನಮಗೆ ಇನ್ನೂ ಹತ್ತಿರದ್ದು. ೨೦೨೩ನೆಯ ವರ್ಷವನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ಅಂತಾರಾಷ್ಟ್ರೀಯ ವರ್ಷವೆಂದು ಆಚರಿಸಿತು. ೨೦೨೪ರ ಸೆಪ್ಟೆಂಬರಿನಲ್ಲಿ, ಪಶ್ಚಿಮ ಮತ್ತು ದಕ್ಷಿಣ ಭಾರತದ ಮ್ಯಾಕ್‌ಡೊನಾಲ್ಡ್ಸ್ ಅಂಗಡಿಗಳನ್ನು ನಡೆಸುವ ಕಂಪೆನಿಯು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ನೆರವಿನಿಂದ ಬಹುಧಾನ್ಯದ ಬನ್ನನ್ನು ಹೊರತಂದಿತು. ಸಜ್ಜೆ, ರಾಗಿ, ಜೋಳ, ಬರಗು, ಹಾರಕ ಇವು ಅದರಲ್ಲಿನ ಧಾನ್ಯಗಳು. ೨೦೨೫ರಲ್ಲಿ ಅದೇ ಸಂಶೋಧನಾಲಯದೊಡನೆ ರೂಪಿಸಿದ ಪ್ರೋಟೀನಿನ ಬಿಲ್ಲೆ ಬಂದಿತು. ಗಿರಾಕಿ ಪ್ರತ್ಯೇಕ ಹಣ ತೆತ್ತು ಅದನ್ನು ತನ್ನ ಬರ್ಗರಿನೊಳಗೆ ಸೇರಿಸಿಕೊಳ್ಳಬಹುದು. ೧೯೫೦ರಲ್ಲಿ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಆ ಸಂಶೋಧನಾಲಯದ ವಿಜ್ಞಾನಿಗಳ ಶ್ರಮವನ್ನು ನಾವು ಹಗುರಾಗಿ ಕಾಣುವುದಿಲ್ಲ. ಮೈದಾ ಬನ್ನಿಗಿಂತ ಧಾನ್ಯದ ಬನ್ನು ಮೇಲೆಂಬುದನ್ನೂ ಅಲ್ಲಗಳೆಯುವುದಿಲ್ಲ. ಆದರೆ ಬನ್ನು ಬದಲಾದಾಗ ಅದರ ಪಕ್ಕದ ಆಲೂಗೆಡ್ಡೆ ಬದಲಾಯಿತೆ, ಪಾನೀಯ ಬದಲಾಯ್ತೆ ಎಂಬ ಪ್ರಶ್ನೆಯನ್ನು ಇಲ್ಲಿಯವರೆಗಿನ ಚರಿತ್ರೆ ನಮಗೆ ಕಲಿಸಿಕೊಟ್ಟಿದೆ. ಆಧುನಿಕ ಗಿರಾಕಿ ಸಿರಿಧಾನ್ಯದ ಮಾತಾಡುತ್ತಿರುವಷ್ಟು ಕಾಲ ಆ ಬನ್ನು ಇರುವುದು. ಅವನ ಮಾತು ಬೇರೆಯಾದಂದು ಫಲಕವೂ ಬೇರೆಯಾಗುವುದು.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ನಮಗೆ ಜೋಳವೆಂಬುದು ಹೊಸ ಶೋಧವಲ್ಲ. ಕಪ್ಪು ಎರೆನೆಲದ ಹಿಂಗಾರಿಯ ಮಾಲದಂಡಿ ಜೋಳದ ರೊಟ್ಟಿಯನ್ನು ಬಡಿಯುವ ಸದ್ದಿನಿಂದಲೇ ನಮ್ಮ ಮನೆಗಳಲ್ಲಿ ಹೊತ್ತು ಗೊತ್ತಾಗುತ್ತಿದ್ದಿತು. ಆದರೆ ರೊಟ್ಟಿಯ ಬುತ್ತಿಯನ್ನು ಶಾಲೆಗೆ ತರಲು ನಾಚುವ ಹುಡುಗನೇ ನಗರದಲ್ಲಿ ಅದೇ ಜೋಳವನ್ನು ಬನ್ನಿನ ವೇಷದಲ್ಲಿ ಕಂಡು ಬೆಲೆಕೊಟ್ಟು ತಿಂದರೆ, ಅಲ್ಲಿ ಮಾರಾಟವಾದದ್ದು ಜೋಳವಲ್ಲ. ನಾಚಿಕೆಯನ್ನು ಹೋಗಲಾಡಿಸುವ ಮಾತು.

೯

ಈ ಚರಿತ್ರೆಯಿಂದ ನಾವು ತಲುಪುವ ನಿರ್ಣಯ ಇಷ್ಟು. ಕಂಪೆನಿಗಳು ದುಷ್ಟವೆಂದು ಹಳಿಯುವುದರಿಂದ ಪ್ರಯೋಜನವಿಲ್ಲ. ಲಾಭವನ್ನು ಅರಸುವುದು ವ್ಯಾಪಾರದ ಧರ್ಮ, ಅದನ್ನು ಅವು ಎಂದೂ ಮುಚ್ಚಿಟ್ಟಿಲ್ಲ. ಆದರೆ ಅವುಗಳ ಆರೋಗ್ಯದ ಮಾತನ್ನು ವೈದ್ಯನ ಮಾತೆಂದು ನಂಬುವುದು ನಮ್ಮ ತಪ್ಪು. ಗಿರಾಕಿಯ ನಿರಾಕರಣೆಗೆ ಹೆದರಿ ಬಂದ ತಿನಿಸು ಆ ಹೆದರಿಕೆ ಇರುವ ತನಕ ಇರುತ್ತದೆ. ಪ್ರಜೆಗಳು ಕಾನೂನಿನ ಮೂಲಕ ತಂದ ಬದಲಾವಣೆ ನಿಲ್ಲುತ್ತದೆ.

ಉಪಾಧ್ಯಾಯ ಬಂಧುಗಳಿಗೆ ಒಂದು ಸೂಚನೆ. ಮುಂದಿನ ಸಲ ಯಾವ ವಿದ್ಯಾರ್ಥಿಯಾದರೂ ಇಂಥ ಅಂಗಡಿಯ ತಿನಿಸುಪಟ್ಟಿಯನ್ನು ತಂದರೆ, ಅದನ್ನು ಕಸಿದುಕೊಂಡು ಎಸೆಯಬೇಡಿರಿ. ಅದನ್ನೊಂದು ಪಾಠವಾಗಿ ತರಗತಿಯಲ್ಲಿ ಓದಿಸಿರಿ. ಈ ಒಳ್ಳೆಯ ತಿನಿಸು ಯಾರ ನಿರಾಕರಣೆಯನ್ನು ತಡೆಯಲು ಬಂದಿದೆ? ಅದರ ಪಕ್ಕದಲ್ಲಿ ಏನನ್ನು ಮಾರುತ್ತಿದ್ದಾರೆ? ನಾಳೆ ಇದು ಪಟ್ಟಿಯಿಂದ ಹೋದರೆ ನಷ್ಟ ಯಾರಿಗೆ? ಈ ಮೂರು ಪ್ರಶ್ನೆಗಳನ್ನು ಮಕ್ಕಳು ತಾವೇ ಕೇಳಿಕೊಳ್ಳಲು ಕಲಿತರೆ ಸಾಕು. ಉಣ್ಣುವವನು ಊಟವನ್ನು ಬಲ್ಲವನಾಗಬೇಕಾದರೆ, ಮಾರುವವನ ಮಾತನ್ನೂ ಬಲ್ಲವನಾಗಬೇಕಾಗಿದೆ. ಹಿರಿಯರ ಗಾದೆಯ ಎರಡು ತುಂಡುಗಳು ನಮ್ಮ ಕಾಲದಲ್ಲಿ ಹೀಗೆ ಒಂದಾಗಿವೆ.